ಹೊಟ್ಟೆನೋವೆಂದು ಬಂದವರ ಮನಸ್ಸು

(ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಹಕಾರ ಸಂಘದ ಸಭಾಂಗಣದಲ್ಲಿ ಮಳೆಗಾಲದ ಕೊನೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ರೋಗಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಂಘದ ಸದಸ್ಯರಿಗೂ, ಇಂಥ ಮಳೆಯಲ್ಲಿ ಕೊಡೆ ಹಿಡಿದು ಬಂದಿರುವ ತಾಯಂದಿರಿಗೂ ನಮಸ್ಕಾರ. ಈ ಸೀಮೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಸಾಮಾನ್ಯ ವೈದ್ಯನಾಗಿ ಕೆಲಸ ಮಾಡುತ್ತಿರುವ ನಾನು ರೋಗಿಗಳ ಬಾಯಲ್ಲಿ ಅತಿ ಹೆಚ್ಚು ಸಲ ಕೇಳಿರುವ ಪದ ‘ಗ್ಯಾಸ್ಟ್ರಿಕ್’. ಎದೆಯುರಿಗೂ ಹುಳಿತೇಗಿಗೂ ಆ ಹೆಸರು ಸಲ್ಲುತ್ತದೆ. ಆದರೆ ಹೊಟ್ಟೆ ಉಬ್ಬರ, ಬಹಿರ್ದೆಸೆ ಸರಿಯಾಗದಿರುವುದು, ತಲೆಭಾರ, ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಯಾರೊಡನೆಯೂ ಮಾತು ಬೇಡವೆನಿಸುವುದು, ಇವೆಲ್ಲವೂ ಅದೇ ಒಂದು ಪದದೊಳಗೆ ಸೇರಿಕೊಂಡು ನನ್ನ ಮೇಜಿನ ಎದುರಿಗೆ ಬರುತ್ತವೆ. ಮೊದಲ ಹಲವು ವರ್ಷ ನಾನು ಆ ಪದದ ಹೊಟ್ಟೆಯ ಭಾಗವನ್ನು ಮಾತ್ರ ಕೇಳಿಸಿಕೊಂಡೆ. ಉಳಿದುದನ್ನು ಕೇಳಿಸಿಕೊಳ್ಳಲು ನನಗೆ ಕಲಿಸಿದವರು ಒಬ್ಬ ಅಡಿಕೆ ಬೆಳೆಗಾರರ ಹೆಂಡತಿ.

ಆ ಬೆಳೆಗಾರರಿಗೆ ಆಗ ಐವತ್ತು ದಾಟಿತ್ತು. ಮೂರು ಎಕರೆ ತೋಟ. ಸತತ ಎರಡು ವರ್ಷ ಕೊಳೆರೋಗದಿಂದ ಫಸಲು ನೆಲಕ್ಕೆ ಉದುರಿತ್ತು. ಊಟವಾದ ಅರ್ಧ ಗಂಟೆಗೆ ಹೊಟ್ಟೆ ಕಲ್ಲಿನಂತಾಗುತ್ತದೆ, ನಾಲ್ಕು ತುತ್ತಿಗೇ ತುಂಬಿದಂತಾಗುತ್ತದೆ, ಬೆಳಿಗ್ಗೆ ನಾಲ್ಕು ಸಲ ಹೊರಗೆ ಹೋದರೂ ಸಮಾಧಾನವಿಲ್ಲ ಎಂದು ಅವರು ಹೇಳುತ್ತಿದ್ದರು. ನಾನು ಆಮ್ಲ ಕಡಿಮೆ ಮಾಡುವ ಮಾತ್ರೆ ಕೊಟ್ಟೆ, ಕ್ಯಾಮೆರಾ ಇಳಿಸಿ ಒಳಗಿನಿಂದ ನೋಡುವ ಸ್ಕೋಪಿ ಮಾಡಿಸಿದೆ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದೆ. ಎಲ್ಲವೂ ಸರಿಯಾಗಿಯೇ ಇತ್ತು. ‘ಏನೂ ಇಲ್ಲ, ಧೈರ್ಯವಾಗಿರಿ’ ಎಂದು ಕಳಿಸಿದೆ. ಎರಡು ತಿಂಗಳಿಗೊಮ್ಮೆ ಅವರು ಮತ್ತೆ ಬರುತ್ತಿದ್ದರು, ಬಂದಾಗಲೆಲ್ಲ ತೂಕ ಒಂದಿಷ್ಟು ಇಳಿದಿರುತ್ತಿತ್ತು. ಹೀಗೆ ಸುಮಾರು ಎರಡು ವರ್ಷ ಕಳೆಯಿತು. ಒಂದು ದಿನ ಜೊತೆಗೆ ಬಂದಿದ್ದ ಅವರ ಹೆಂಡತಿ, ಗಂಡ ಹೊರಗೆ ಹೋದ ಮೇಲೆ ಬಾಗಿಲ ಬಳಿ ನಿಂತು, “ಡಾಕ್ಟ್ರೇ, ಕೊನೆಕೊಯ್ಲು ಅಂದ್ರೆ ಇವರು ನಿದ್ದೆ ಬಿಟ್ಟು ಓಡಾಡ್ತಿದ್ದವರು. ಈ ಸಲ ಕೊನೆಗಾರ ಬಂದು ಅಂಗಳದಲ್ಲಿ ನಿಂತ್ರೂ ಎದ್ದು ಹೋಗಿಲ್ಲ. ಹೊಟ್ಟೆ ಒಂದೇ ಅಲ್ಲ ಅನ್ನಿಸ್ತದೆ ನಂಗೆ” ಎಂದರು.

ಮರುದಿನ ಅವರನ್ನು ಮತ್ತೆ ಕರೆಸಿ, ಹೊಟ್ಟೆಯ ಮೇಲೆ ಕೈ ಇಡದೆ, ಮುಕ್ಕಾಲು ಗಂಟೆ ಬರೀ ಮಾತನಾಡಿಸಿದೆ. ಯಾವುದರಲ್ಲೂ ಆಸಕ್ತಿ ಉಳಿದಿರಲಿಲ್ಲ. ಬೆಳಗಿನ ಹೊತ್ತು ಎಲ್ಲಕ್ಕಿಂತ ಕಷ್ಟವಾಗುತ್ತಿತ್ತು. ತಾನು ಮನೆಗೆ ಭಾರವೆಂಬ ಭಾವನೆ ಒಂದು ವರ್ಷದಿಂದ ಇತ್ತು, ಬದುಕಿರುವುದು ಬೇಡವೆಂದು ಅನಿಸಿದ್ದೂ ಉಂಟು. ನಾನು ಎರಡು ವರ್ಷ ಚಿಕಿತ್ಸೆ ಕೊಟ್ಟ ಆ ಮನುಷ್ಯನಿಗೆ ಸ್ಪಷ್ಟವಾದ ಖಿನ್ನತೆ ಇತ್ತು, ನಾನು ಒಂದು ಸಲವೂ ಕೇಳಿರಲಿಲ್ಲ. ಆ ತಪ್ಪಿನ ಭಾರ ನನ್ನ ಮೇಲೆ ಇರುವುದರಿಂದಲೇ ಈ ವಿಷಯವನ್ನು ನಾನು ಸಭೆಗಳಲ್ಲಿ ಮಾತನಾಡುತ್ತೇನೆ.

ಆ ಹಿರಿಯರು ಸುಳ್ಳು ಹೇಳುತ್ತಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಮನಸ್ಸಿನ ನೋವನ್ನು ಮರೆಮಾಡಲು ಅವರು ಹೊಟ್ಟೆಯ ನೆಪ ಹೂಡಿರಲಿಲ್ಲ. ಅವರ ಹೊಟ್ಟೆ ನಿಜವಾಗಿಯೂ ನೋಯುತ್ತಿತ್ತು. ನಮ್ಮ ನುಡಿಗೆ ಈ ಸಂಬಂಧ ಹಿಂದಿನಿಂದಲೂ ತಿಳಿದಿದೆ. ಬೇರೆಯವರ ಮಗುವಿನ ಸಂಕಟ ಕಂಡಾಗ ನಮಗೆ ಕರುಳು ಚುರುಕ್ಕೆನ್ನುತ್ತದೆ. ಅಸೂಯೆಯನ್ನು ಹೊಟ್ಟೆಕಿಚ್ಚು ಎನ್ನುತ್ತೇವೆ. ತಪ್ಪನ್ನು ಕ್ಷಮಿಸಿಬಿಡಿ ಎನ್ನಬೇಕಾದಾಗ ‘ಹೊಟ್ಟೆಗೆ ಹಾಕಿಕೊಳ್ಳಿ’ ಎನ್ನುತ್ತೇವೆ. ಇದನ್ನು ಬರಿಯ ಅಲಂಕಾರವೆಂದು ತಿಳಿಯಬೇಕಾಗಿಲ್ಲ, ಏಕೆಂದರೆ ಶರೀರದ ರಚನೆಯೇ ಈ ಮಾತುಗಳ ಪರವಾಗಿದೆ.

ಅನ್ನನಾಳದಿಂದ ಗುದದ್ವಾರದವರೆಗಿನ ಇಡೀ ಕೊಳವೆಯ ಗೋಡೆಯೊಳಗೆ ನರಕೋಶಗಳ ಎರಡು ಬಲೆಗಳು ಹೆಣೆದುಕೊಂಡಿವೆ, ಅವುಗಳಲ್ಲಿ ಹತ್ತು ಕೋಟಿಗೂ ಮಿಕ್ಕಿ ನರಕೋಶಗಳಿವೆ. ಮಿದುಳಿನ ಅಪ್ಪಣೆಗೆ ಕಾಯದೆ ಆಹಾರವನ್ನು ಮುಂದಕ್ಕೆ ದೂಡುವುದು, ರಸ ಸ್ರವಿಸುವುದು, ರಕ್ತದ ಹರಿವನ್ನು ಹೊಂದಿಸುವುದು ಇವುಗಳ ಕೆಲಸ. ಮಿದುಳಿಗೂ ಈ ಬಲೆಗೂ ನಡುವೆ ಓಡಾಡುವ ಮುಖ್ಯ ದಾರಿ ವೇಗಸ್ ಎಂಬ ನರ. ಆ ನರದ ಎಳೆಗಳಲ್ಲಿ ನೂರಕ್ಕೆ ಸುಮಾರು 80ರಷ್ಟು ಕೆಳಗಿನಿಂದ ಮೇಲಕ್ಕೆ, ಅಂದರೆ ಒಳಾಂಗಗಳಿಂದ ಮಿದುಳಿಗೆ ಸುದ್ದಿ ಒಯ್ಯುತ್ತವೆ. ಮಿದುಳು ಹೊಟ್ಟೆಗೆ ಹೇಳುವುದಕ್ಕಿಂತ ಹೊಟ್ಟೆ ಮಿದುಳಿಗೆ ಹೇಳುವುದೇ ಹೆಚ್ಚು ಎಂದಾಯಿತು. ಇನ್ನು ಮೇಲಿನಿಂದ ಕೆಳಕ್ಕೆ: ಚಿಂತೆ, ಭಯ, ದೀರ್ಘಕಾಲದ ಒತ್ತಡ ಇದ್ದಾಗ ಮಿದುಳಿನ ಹೈಪೋಥಲಾಮಸ್ ಎಂಬ ಭಾಗದಿಂದ ಸಿಆರ್‌ಎಚ್ ಎಂಬ ರಾಸಾಯನಿಕ ಹೊರಡುತ್ತದೆ. ಇದರ ಪ್ರಭಾವದಿಂದ ಜಠರ ಖಾಲಿಯಾಗುವುದು ನಿಧಾನವಾಗುತ್ತದೆ, ದೊಡ್ಡಕರುಳಿನ ಚಲನೆ ಚುರುಕಾಗುತ್ತದೆ. ಮೇಲೆ ಕಲ್ಲಿಟ್ಟಂತೆ ಭಾರ, ಕೆಳಗೆ ನಾಲ್ಕು ಸಲ ಓಡಾಟ! ನನ್ನ ರೋಗಿ ಹೇಳಿದ ಎರಡೂ ಲಕ್ಷಣಗಳು ಒಂದೇ ಕಾರಣದ ಎರಡು ತುದಿಗಳಾಗಿದ್ದವು.

ಇದನ್ನು ಕಣ್ಣಾರೆ ಕಂಡ ಒಬ್ಬ ವೈದ್ಯರ ಕಥೆಯನ್ನು ಹೇಳಬೇಕು. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಗಾಯ ವಾಸಿಯಾದರೂ ಜಠರಕ್ಕೆ ಹೊರಗಿನಿಂದ ಇದ್ದ ತೂತು ಮುಚ್ಚಲೇ ಇಲ್ಲ. ಅವನಿಗೆ ಚಿಕಿತ್ಸೆ ನೀಡಿದ ಸೇನಾ ವೈದ್ಯ ವಿಲಿಯಂ ಬೋಮಾಂಟ್ ಆ ತೂತಿನ ಮೂಲಕ ವರ್ಷಗಟ್ಟಲೆ ಜೀರ್ಣಕ್ರಿಯೆಯನ್ನು ಗಮನಿಸಿ, 1833ರಲ್ಲಿ ತಮ್ಮ ಅವಲೋಕನಗಳನ್ನು ಪ್ರಕಟಿಸಿದರು. ಆ ಯುವಕನಿಗೆ ಕೋಪ ಬಂದಾಗ ಜಠರದ ಒಳಪದರದ ಸ್ಥಿತಿ ಬದಲಾಗಿ ಜೀರ್ಣಕ್ರಿಯೆ ಕೆಡುತ್ತಿದ್ದುದನ್ನು ಅವರು ಅಂದೇ ಬರೆದಿಟ್ಟಿದ್ದಾರೆ.

ನರಕೋಶಗಳ ನಡುವೆ ಸುದ್ದಿ ಒಯ್ಯುವ ಸಿರೊಟೋನಿನ್ ಎಂಬ ರಾಸಾಯನಿಕದ ಬಗ್ಗೆ ಎರಡು ಮಾತು, ಏಕೆಂದರೆ ವಾಟ್ಸಾಪ್‌ನಲ್ಲಿ ಅದರ ಸಂಗತಿ ಅರ್ಧಂಬರ್ಧವಾಗಿ ಹರಿದಾಡುತ್ತಿದೆ. ದೇಹದ ಸಿರೊಟೋನಿನ್‌ನಲ್ಲಿ ನೂರಕ್ಕೆ ಸುಮಾರು 90ರಷ್ಟು ಕರುಳಿನಲ್ಲೇ ತಯಾರಾಗುತ್ತದೆ ಎಂಬುದು ನಿಜ. ಆದರೆ ಕರುಳಿನಲ್ಲಿ ತಯಾರಾದದ್ದು ರಕ್ತದಿಂದ ಮಿದುಳಿನೊಳಕ್ಕೆ ದಾಟಲಾರದು, ಮಿದುಳು ತನಗೆ ಬೇಕಾದಷ್ಟನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹಾಗಾಗಿ ‘ಹೊಟ್ಟೆ ಸ್ವಚ್ಛ ಮಾಡಿಕೊಂಡರೆ ಸಿರೊಟೋನಿನ್ ಹೆಚ್ಚಿ ಖಿನ್ನತೆ ಹೋಗುತ್ತದೆ’ ಎಂದು ಪುಡಿ ಮಾರುವವರ ಮಾತನ್ನು ದಯವಿಟ್ಟು ನಂಬಬೇಡಿ. ಕರುಳಿನ ಸಿರೊಟೋನಿನ್ ಅಲ್ಲಿನ ಚಲನೆಯನ್ನೂ ವೇಗಸ್ ನರದ ಸಂವೇದನೆಯನ್ನೂ ನಿಯಂತ್ರಿಸುತ್ತದೆ. ಖಿನ್ನತೆಯ ಕೆಲವು ಔಷಧಗಳು ಹೊಟ್ಟೆಯ ಮೇಲೂ ಕೆಲಸ ಮಾಡಲು ಒಂದು ಕಾರಣ ಇದೇ. ಕರುಳಿನ ಸೂಕ್ಷ್ಮಜೀವಿಗಳ ಬಗೆಗೂ ಸಂಶೋಧನೆ ನಡೆಯುತ್ತಿದೆ. ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಒತ್ತಡಕ್ಕೆ ದೇಹದ ಪ್ರತಿಕ್ರಿಯೆ ಅತಿಯಾಗಿರುವುದನ್ನು ಜಪಾನಿನ ವಿಜ್ಞಾನಿಗಳು 2004ರಲ್ಲಿ ತೋರಿಸಿದರು. ಇಲಿಯ ವಿಷಯ ಮನುಷ್ಯರಿಗೆ ಔಷಧವಾಗಿ ಬರಲು ದೂರ ಬಹಳವಿದೆ, ಒಳ್ಳೆಯ ಸೂಕ್ಷ್ಮಜೀವಿಗಳೆಂದು ಮಾರುವ ದುಬಾರಿ ಪ್ರೋಬಯಾಟಿಕ್ ಡಬ್ಬಿಗೆ ಹಣ ಸುರಿಯುವ ಮೊದಲು ಯೋಚಿಸಿ.

ಸ್ಕೋಪಿಯಲ್ಲಿ ಹುಣ್ಣು ಕಾಣದಿದ್ದರೂ ನೋವು ಎಲ್ಲಿಂದ ಬರುತ್ತದೆ? ಕ್ಯಾಮೆರಾಕ್ಕೆ ಕಾಣುವುದು ಕರುಳಿನ ಮೇಲ್ಮೈ. ನರದ ಸಂವೇದನೆ ಕಾಣುವುದಿಲ್ಲ. 1973ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ ದೊಡ್ಡಕರುಳಿನ ಕೊನೆಯ ಭಾಗದೊಳಗೆ ಪುಟ್ಟ ಬಲೂನನ್ನು ಉಬ್ಬಿಸಿ ನೋಡಿದರು. ಆರೋಗ್ಯವಂತರಲ್ಲಿ ಕೆಲವೇ ಕೆಲವರಿಗೆ ನೋವಾದಷ್ಟು ಗಾಳಿಗೆ, ಕೆರಳುವ ಕರುಳಿನ ತೊಂದರೆ, ಅಂದರೆ ವೈದ್ಯರು ಐಬಿಎಸ್ ಎನ್ನುವ ತೊಂದರೆ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ನೋವಾಯಿತು. ಗಾಳಿ ಎಲ್ಲರ ಹೊಟ್ಟೆಯಲ್ಲೂ ಇರುತ್ತದೆ. ಇವರಿಗೆ ಅದು ನೋವಾಗಿ ತಿಳಿಯುತ್ತದೆ. ಖಿನ್ನತೆಯೂ ಆತಂಕವೂ ಈ ನೋವಿನ ಸುದ್ದಿಯನ್ನು ಮಿದುಳಿನಲ್ಲಿ ಇನ್ನಷ್ಟು ದೊಡ್ಡದು ಮಾಡುತ್ತವೆ. ಆದ್ದರಿಂದ ಮನೆಯಲ್ಲಿ ಯಾರಾದರೂ ಹೀಗೆ ನರಳುತ್ತಿದ್ದರೆ, ರಿಪೋರ್ಟು ತೋರಿಸಿ ‘ನಿನಗೇನೂ ಇಲ್ಲ, ಎಲ್ಲ ನಿನ್ನ ತಲೆಯಲ್ಲಿದೆ’ ಎನ್ನಬೇಡಿ. ನಾನು ಹಾಗೆಂದು ಕಳಿಸಿದ ರೋಗಿ ಎರಡು ವರ್ಷ ಒಂಟಿಯಾಗಿ ಬೆಂದರು.

ಯಾವುದು ಮೊದಲು, ಹೊಟ್ಟೆಯೋ ಮನಸ್ಸೋ ಎಂದು ಕೇಳುವವರಿದ್ದಾರೆ. ಆಸ್ಟ್ರೇಲಿಯದಲ್ಲಿ ಸಾಮಾನ್ಯ ಜನರನ್ನೇ ಆರಿಸಿಕೊಂಡು 12 ವರ್ಷಗಳ ಅಂತರದಲ್ಲಿ ಪರಿಶೀಲಿಸಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಹೊಟ್ಟೆ ಚೆನ್ನಾಗಿದ್ದು ಆತಂಕ ಹೆಚ್ಚಾಗಿದ್ದವರಲ್ಲಿ ಮುಂದೆ ಹೊಟ್ಟೆಯ ತೊಂದರೆ ಕಾಣಿಸಿಕೊಳ್ಳುವ ಸಂಭವ ಹೆಚ್ಚಿತ್ತು. ಆರಂಭದಲ್ಲಿ ಮನಸ್ಸು ನೆಮ್ಮದಿಯಾಗಿದ್ದು ಹೊಟ್ಟೆಯ ತೊಂದರೆ ಇದ್ದವರಲ್ಲಿ ಮುಂದೆ ಆತಂಕ, ಖಿನ್ನತೆ ಕಾಣಿಸಿಕೊಳ್ಳುವುದೂ ಹೆಚ್ಚಿತ್ತು. ದಾರಿ ಎರಡೂ ಕಡೆಗೆ ಇದೆ. ನನ್ನ ಅನುಭವವೂ ಹಾಗೆಯೇ. ಜಾತ್ರೆಯ ಊಟದಲ್ಲೋ ಕೆಟ್ಟ ನೀರಿನಲ್ಲೋ ಒಮ್ಮೆ ವಾಂತಿ-ಭೇದಿ ಹಿಡಿದು, ಸೋಂಕು ವಾಸಿಯಾದ ಮೇಲೂ ತಿಂಗಳುಗಟ್ಟಲೆ ಕರುಳು ಮೊದಲಿನಂತಾಗದವರು ಹತ್ತರಲ್ಲಿ ಒಬ್ಬರು ಇರುತ್ತಾರೆ. ಬಸ್ಸಿನಲ್ಲಿ ದೂರ ಹೋಗಲು ಭಯ, ಮದುವೆಮನೆಯಲ್ಲಿ ಎಲೆಯ ಮುಂದೆ ಕೂರಲು ಭಯ. ಮನೆ ಬಿಟ್ಟು ಹೊರಡದೆ ಕುಳಿತ ಅಂಥವರ ಮನಸ್ಸು ನಿಧಾನವಾಗಿ ಮಂಕಾಗುವುದನ್ನು ನೋಡಿದ್ದೇನೆ. ಒಂದು ಮನೆಯಿಂದ ಇನ್ನೊಂದಕ್ಕೆ ಅರ್ಧ ಮೈಲಿ ಇರುವ, ಮಕ್ಕಳೆಲ್ಲ ಬೆಂಗಳೂರು ಸೇರಿದ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದ ನಮ್ಮ ಕಡೆಯಲ್ಲಿ ಹೀಗೆ ಮಂಕಾದವರನ್ನು ಗಮನಿಸಲು ಎಷ್ಟೋ ಸಲ ಯಾರೂ ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ ವಿರುದ್ಧ ದಿಕ್ಕಿನ ತಪ್ಪಿನ ಬಗೆಗೂ ಎಚ್ಚರಿಸಬೇಕು. ಜಠರದ ಹುಣ್ಣು ಚಿಂತೆಯಿಂದಲೂ ಖಾರದಿಂದಲೂ ಬರುತ್ತದೆಂದು ವೈದ್ಯಲೋಕವೇ ದಶಕಗಳ ಕಾಲ ನಂಬಿತ್ತು. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಅದಕ್ಕೆ ಮುಖ್ಯ ಕಾರಣವೆಂದು ತೋರಿಸಿದರು. ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಎಲ್ಲವನ್ನೂ ಮನಸ್ಸಿನ ಮೇಲೆ ಹೊರಿಸಿದ್ದರೆ ಲಕ್ಷಾಂತರ ಜನರಿಗೆ ಎರಡು ವಾರದ ಆಂಟಿಬಯಾಟಿಕ್‌ನಿಂದ ವಾಸಿಯಾಗುವ ಕಾಯಿಲೆ ಹಾಗೆಯೇ ಉಳಿಯುತ್ತಿತ್ತು. ಆದ್ದರಿಂದ ಪ್ರಯತ್ನಿಸದೆ ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಅದು ಟಾರಿನಂತೆ ಕಪ್ಪಾದರೆ, ನುಂಗಲು ಕಷ್ಟವಾದರೆ, ರಕ್ತಹೀನತೆ ಇದ್ದರೆ, ನಿದ್ದೆಯಿಂದ ಎಬ್ಬಿಸುವ ನೋವೋ ಭೇದಿಯೋ ಇದ್ದರೆ, ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ತೊಂದರೆ ಶುರುವಾದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದ್ದರೆ, ಮೊದಲು ತಪಾಸಣೆಯೇ ಆಗಬೇಕು. ಥೈರಾಯ್ಡ್ ಕಡಿಮೆಯಾದಾಗ ಮಲಬದ್ಧತೆಯೂ ಮಂಕುತನವೂ ಒಟ್ಟಿಗೇ ಬರುತ್ತವೆ, ಒಂದು ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ. ಇನ್ನೊಂದು ಸಂಗತಿ ನಮ್ಮ ಸಸ್ಯಾಹಾರಿ ಮನೆಗಳಿಗೆ ಸಂಬಂಧಿಸಿದ್ದು. ಆಮ್ಲ ಕಡಿಮೆ ಮಾಡುವ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಬಿ12 ಎಂಬ ವಿಟಮಿನ್ನಿನ ಹೀರಿಕೆ ತಗ್ಗುತ್ತದೆ. ಮೊದಲೇ ಬಿ12 ಕಡಿಮೆ ಇರುವ ಸಸ್ಯಾಹಾರಿಗಳಲ್ಲಿ ಅದು ಇನ್ನಷ್ಟು ಇಳಿದು ಕೈಕಾಲು ಜೋಮು, ಮರೆವು, ಖಿನ್ನತೆ ಕಾಣಿಸಬಹುದು. ಪೇಟೆಯ ಅಂಗಡಿಯಲ್ಲಿ ಸ್ಟ್ರಿಪ್ಪುಗಟ್ಟಲೆ ಕೊಂಡು ನುಂಗುವ ರೂಢಿ ಬಿಡಬೇಕಾದ ಕಾರಣಗಳಲ್ಲಿ ಇದೂ ಒಂದು.

ಹೊಟ್ಟೆಯ ತೊಂದರೆ ಇರುವವರಲ್ಲಿ ಖಿನ್ನತೆಯನ್ನು ಗುರುತಿಸುವುದು ಹೇಗೆ? ಎರಡು ವಾರಕ್ಕೂ ಹೆಚ್ಚು ಕಾಲ, ಹೆಚ್ಚುಕಡಿಮೆ ಪ್ರತಿದಿನ, ಮನಸ್ಸು ಕುಗ್ಗಿರುವುದೋ ಮೊದಲು ಇಷ್ಟವಾಗಿದ್ದುದರಲ್ಲಿ ಆಸಕ್ತಿ ಹೋಗಿರುವುದೋ ಇದ್ದರೆ, ಜೊತೆಗೆ ನಿದ್ದೆ, ಹಸಿವು, ಶಕ್ತಿ, ಏಕಾಗ್ರತೆ ಕೆಟ್ಟಿದ್ದರೆ, ತನ್ನ ಬಗ್ಗೆ ತನಗೇ ಹೇಸಿಗೆ ಎನಿಸುತ್ತಿದ್ದರೆ, ಖಿನ್ನತೆಯ ಸಂಶಯ ಬಲವಾಗುತ್ತದೆ. ಗಂಡಸರು ಅಳು ಬರುತ್ತದೆ ಎನ್ನುವುದಿಲ್ಲ, ‘ಬಾಯಿರುಚಿ ಕೆಟ್ಟಿದೆ’, ‘ಉಂಡದ್ದು ಮೈಗೆ ಹತ್ತುತ್ತಿಲ್ಲ’ ಎನ್ನುತ್ತಾರೆ. ಅಲ್ಲಿಂದ ಮುಂದಕ್ಕೆ ಕೇಳಬೇಕು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿ; ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ, ಕೇಳಿದಾಗ ಎಷ್ಟೋ ಜನರ ಎದೆ ಹಗುರಾಗುತ್ತದೆ. ಹೌದು ಎಂದರೆ ಅವರನ್ನು ಒಬ್ಬರೇ ಬಿಡದೆ ಅಂದೇ ವೈದ್ಯರ ಬಳಿ ಕರೆತನ್ನಿ, ತೋಟಕ್ಕೆ ಹೊಡೆಯುವ ಔಷಧಗಳನ್ನು ಬೇರೆಯವರ ವಶದಲ್ಲಿ ಬೀಗ ಹಾಕಿಡಿ.

ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ 20ಕ್ಕೆ ಒಬ್ಬರು ಬದುಕಿನ ಯಾವುದಾದರೂ ಘಟ್ಟದಲ್ಲಿ ಖಿನ್ನತೆ ಅನುಭವಿಸಿರುತ್ತಾರೆ. ಖಿನ್ನತೆ ಇದ್ದವರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಅವರಲ್ಲಿ ಅನೇಕರು ಯಾವ ವೈದ್ಯರನ್ನೂ ನೋಡದವರಲ್ಲ, ನನ್ನಂಥವರ ಬಳಿ ಹೊಟ್ಟೆಗೆ ಮಾತ್ರೆ ತೆಗೆದುಕೊಂಡು ಹೋದವರು ಎಂದು ನಾನು ಭಾವಿಸುತ್ತೇನೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದ ಜಿಲ್ಲೆ ನಮ್ಮದು. ತೋಟದಂಚಿನಲ್ಲಿ ಮಂಗ ಸತ್ತು ಬಿದ್ದರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕೆಂದು ಇಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು. ಮನೆಯ ಯಜಮಾನ ಮೂರು ತಿಂಗಳಿಂದ ಜಗಲಿ ಬಿಟ್ಟು ಇಳಿದಿಲ್ಲವೆಂದರೆ ಅದನ್ನೂ ತಿಳಿಸಬೇಕೆಂಬುದು ನಮಗೆ ಇನ್ನೂ ರೂಢಿಯಾಗಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ಜನ ಎಡವುವ ಜಾಗವನ್ನೇ ಮೊದಲು ಹೇಳುತ್ತೇನೆ. ಖಿನ್ನತೆಗೆ ಇಂದು ಹೆಚ್ಚಾಗಿ ಕೊಡುವ ಎಸಿಟಾಲೊಪ್ರಾಮ್, ಸರ್ಟ್ರಲಿನ್‌ನಂಥ ಮಾತ್ರೆಗಳು ಮೊದಲ ಒಂದೆರಡು ವಾರ ವಾಕರಿಕೆಯನ್ನೋ ಸಡಿಲ ಭೇದಿಯನ್ನೋ ತರಬಹುದು. ಅವುಗಳ ಒಳ್ಳೆಯ ಪರಿಣಾಮ ಕಾಣಲು ಎರಡರಿಂದ ಆರು ವಾರ ಬೇಕು. ಅಂದರೆ ಹೊಟ್ಟೆ ಸರಿಯಿಲ್ಲವೆಂದು ಬಂದವರಿಗೆ ಮೊದಲ ವಾರ ಹೊಟ್ಟೆಯೇ ಇನ್ನಷ್ಟು ಕೆಡುತ್ತದೆ, ಮನಸ್ಸಿಗೆ ಇನ್ನೂ ಏನೂ ಆಗಿರುವುದಿಲ್ಲ. ‘ಉಷ್ಣ ಮಾತ್ರೆ’ ಎಂದು ಮೂರನೆಯ ದಿನಕ್ಕೇ ಬಿಟ್ಟುಬಿಡುತ್ತಾರೆ. ಮೊದಲೇ ಹೇಳಿ, ಅರ್ಧ ಮಾತ್ರೆಯಿಂದ ಆರಂಭಿಸಿ, ಊಟದ ನಂತರ ಕೊಟ್ಟು, ಒಂದು ವಾರಕ್ಕೇ ಮತ್ತೆ ಬರಲು ಹೇಳಿದರೆ ಬಹುಪಾಲು ಜನ ಮುಂದುವರಿಸುತ್ತಾರೆ. ಅಮಿಟ್ರಿಪ್ಟಿಲಿನ್ ಎಂಬ, ಖಿನ್ನತೆಗೇ ಕೊಡುತ್ತಿದ್ದ ಹಳೆಯ ಮಾತ್ರೆಯದು ಬೇರೆ ಕಥೆ. ರಾತ್ರಿ 10ರಿಂದ 30 ಮಿಲಿಗ್ರಾಂನಷ್ಟು ಕೊಟ್ಟಾಗ ಅದು ಐಬಿಎಸ್ ಲಕ್ಷಣಗಳನ್ನು ತಗ್ಗಿಸುತ್ತದೆಂದು ಬ್ರಿಟನ್ನಿನಲ್ಲಿ 463 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ಇಷ್ಟು ಕಡಿಮೆ ಪ್ರಮಾಣ ನೋವಿನ ನರಗಳಿಗೆ ಸಾಕು, ಖಿನ್ನತೆಗೆ ಸಾಲದು. ‘ಡಾಕ್ಟ್ರು ನನ್ನನ್ನು ಹುಚ್ಚ ಅಂದ್ಕೊಂಡು ತಲೆಗೆ ಮಾತ್ರೆ ಕೊಟ್ರು’ ಎಂದು ಚೀಟಿಯನ್ನು ಹರಿದವರನ್ನು ಕಂಡಿದ್ದೇನೆ. ಯಾವ ಕಾರಣಕ್ಕೆ ಕೊಟ್ಟಿದ್ದೇವೆಂದು ಬಿಡಿಸಿ ಹೇಳದಿದ್ದ ನಮ್ಮದೇ ತಪ್ಪು ಅದು. ಬಾಯಿ ಒಣಗುವುದು, ಮಲಬದ್ಧತೆ ಇದರ ಅಡ್ಡಪರಿಣಾಮಗಳು. ಮೂತ್ರ ಕಟ್ಟುವ ತೊಂದರೆಯಿರುವ ವಯಸ್ಸಾದ ಗಂಡಸರು ಮುಂಚಿತವಾಗಿ ತಿಳಿಸಬೇಕು. ಇಂಥ ಯಾವ ಮಾತ್ರೆಯನ್ನೂ ತಾವಾಗಿ ಶುರುಮಾಡಬಾರದು, ತಟ್ಟನೆ ನಿಲ್ಲಿಸಲೂಬಾರದು. ಮಾತಿನ ಚಿಕಿತ್ಸೆ, ಅದರಲ್ಲೂ ಯೋಚನೆ ಮತ್ತು ನಡವಳಿಕೆಯ ಜಾಡನ್ನು ಬದಲಿಸುವ ಸಿಬಿಟಿ, ಖಿನ್ನತೆಗೂ ಕೆರಳುವ ಕರುಳಿಗೂ ಎರಡಕ್ಕೂ ಉಪಯುಕ್ತವೆಂದು ಸಾಬೀತಾಗಿದೆ.

ಊಟದ ಬಗ್ಗೆ ಕೇಳದೆ ಯಾರೂ ನನ್ನನ್ನು ಬಿಡುವುದಿಲ್ಲ. ಆಸ್ಟ್ರೇಲಿಯದಲ್ಲಿ ಖಿನ್ನತೆಯಿದ್ದ 67 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ತರಕಾರಿ, ಹಣ್ಣು, ಕಾಳು, ಇಡೀ ಧಾನ್ಯ, ಮೀನು ಹೆಚ್ಚಾಗಿದ್ದ ಆಹಾರಕ್ಕೆ 12 ವಾರ ಬದಲಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಖಿನ್ನತೆಯಿಂದ ಹೊರಬಂದರು. ಆಹಾರ ಬದಲಿಸದೆ ಒಡನಾಟದ ನೆರವು ಮಾತ್ರ ಪಡೆದವರಲ್ಲಿ ಹಾಗೆ ಹೊರಬಂದವರು ನೂರಕ್ಕೆ 8. ಸಣ್ಣ ಪ್ರಯೋಗ, ಆದರೂ ಗಮನಿಸತಕ್ಕದ್ದು. ಹರಿವೆ, ಬಸಳೆ, ಹೆಸರುಕಾಳು, ಒಂದೆಲಗದ ತಂಬುಳಿ, ಮಜ್ಜಿಗೆ ನಮ್ಮ ಹಿತ್ತಲಿನವೇ. ಕರುಳು ಕೆರಳುವವರಿಗೆ ಬೆಳ್ಳುಳ್ಳಿ, ಈರುಳ್ಳಿ, ಹಾಲು ಕೆಲವೊಮ್ಮೆ ಆಗಿಬರುವುದಿಲ್ಲ; ಒಂದೊಂದನ್ನೇ ಎರಡು ಮೂರು ವಾರ ಬಿಟ್ಟು ನೋಡಿ, ವ್ಯತ್ಯಾಸ ಕಾಣದಿದ್ದರೆ ಮತ್ತೆ ತಿನ್ನಬೇಕು. ನನಗೆ ಕಳವಳ ಹುಟ್ಟಿಸುವುದು ಪಥ್ಯದ ಅತಿರೇಕ. ಮೊದಲು ಬೇಳೆ ಬಿಟ್ಟರು, ಆಮೇಲೆ ತೆಂಗಿನಕಾಯಿ, ಆಮೇಲೆ ಹಣ್ಣು. ಕೊನೆಗೆ ಗಂಜಿ ಮತ್ತು ಉಪ್ಪು ಮಾತ್ರ ಉಳಿದು, ಬಂದ ನಿಶ್ಶಕ್ತಿಯನ್ನೂ ಹೊಟ್ಟೆಯ ಕಾಯಿಲೆಗೇ ಲೆಕ್ಕ ಹಾಕಿದವರನ್ನು ಕಂಡಿದ್ದೇನೆ. ಊಟದ ಭಯವೂ ಒಂದು ಲಕ್ಷಣವೇ, ಅದನ್ನೂ ವೈದ್ಯರಿಗೆ ಹೇಳಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ವಿಚಾರಿಸಿಕೊಳ್ಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಅಷ್ಟು ದೂರ ಹೋಗಲಾಗದ ದಿನ 14416ಕ್ಕೆ ಕರೆ ಮಾಡಬಹುದು. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ, ಶುಲ್ಕವಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ನಾನು ಮೊದಲು ಹೇಳಿದ ಬೆಳೆಗಾರರಿಗೆ ಮನೋವೈದ್ಯರ ಸಲಹೆಯಂತೆ ಚಿಕಿತ್ಸೆ ಆರಂಭವಾದ ಎರಡನೆಯ ತಿಂಗಳಲ್ಲಿ ನಿದ್ದೆ ಸರಿಯಾಯಿತು, ಹೊಟ್ಟೆಯ ಭಾರ ಇಳಿಯಲು ಇನ್ನೂ ಮೂರು ತಿಂಗಳು ಹಿಡಿಯಿತು. ಅದು ಪೂರ್ತಿ ಹೋಗಿಲ್ಲ. ಮಳೆಗಾಲದಲ್ಲಿ ಈಗಲೂ ಆಗಾಗ ಕಾಡುತ್ತದೆ, ಆದರೆ ತೋಟಕ್ಕೆ ಹೋಗುತ್ತಾರೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ಕೇಳಿದ್ದನ್ನೂ ಇಲ್ಲಿ ಸೇರಿಸುತ್ತೇನೆ. ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಕೆಲಸದಲ್ಲಿರುವ ಅವರ ಮಗನಿಗೆ ಇಪ್ಪತ್ತೆಂಟು ವರ್ಷ. ಒಂದೂವರೆ ವರ್ಷದಲ್ಲಿ ಮೂರು ಸಲ ಸ್ಕೋಪಿಯಾಗಿದೆ, ಮೂರೂ ಸಲ ಸರಿಯಿದೆ, ಈಗ ನಾಲ್ಕನೆಯದಕ್ಕೆ ಹಣ ಹೊಂದಿಸುತ್ತಿದ್ದಾನೆ. ಮಾಡಿಸಬೇಕೇ ಎಂದು ಅವರ ಪ್ರಶ್ನೆ. ತೂಕ ಇಳಿದಿಲ್ಲ, ರಕ್ತ ಹೋಗಿಲ್ಲ, ರಕ್ತಪರೀಕ್ಷೆಗಳು ಸರಿಯಿವೆ ಎಂದಾದರೆ ನಾಲ್ಕನೆಯದರಿಂದ ಹೊಸದೇನೂ ತಿಳಿಯುವುದಿಲ್ಲ, ಆ ಹಣವನ್ನು ಉಳಿಸಿಕೊಳ್ಳಲಿ ಎಂದೆ. “ಹಾಗಾದ್ರೆ ಅವನಿಗೆ ಎಂತ ಹೇಳ್ಲಿ? ಮನಸ್ಸಿನ ಡಾಕ್ಟ್ರು ಅಂದ್ರೆ ಸಿಟ್ಟು ಮಾಡ್ತಾನೆ” ಎಂದರು. ಮನಸ್ಸಿನ ಮಾತನ್ನು ಎತ್ತಲೇಬೇಡಿ ತಾಯಿ, ದೀಪಾವಳಿಗೆ ಊರಿಗೆ ಬಂದಾಗ ಹೊಟ್ಟೆಗೆಂದೇ ನನ್ನ ಬಳಿ ಕರೆತನ್ನಿ, ನಿದ್ದೆ ಹೇಗಿದೆ, ರಾತ್ರಿ ಪಾಳಿ ಮುಗಿಸಿ ಬಂದ ಮೇಲೆ ಯಾರ ಜೊತೆ ಕೂತು ಉಣ್ಣುತ್ತಾನೆ ಎಂಬಲ್ಲಿಂದ ನಾನೇ ಕೇಳುತ್ತಾ ಹೋಗುತ್ತೇನೆ ಎಂದು ಹೇಳಿದೆ.